ಅಮಾವಾಸ್ಯೆಯ ದಿನ ಅಳಿದ ನಕಲು

ಪಾಸ್‌ವರ್ಡ್ ವಿದ್ಯಾಶ್ರೀಯ ಕೈಗೇ ಮರಳಿ ಕೊಟ್ಟರೆ, ಅವಳು ಉಳಿದದ್ದನ್ನೂ ಅಳಿಸಿಬಿಟ್ಟರೆ? ಕೊಡದಿದ್ದರೆ ಅದು ನಾಳೆ ಬೆಳಿಗ್ಗೆ ತಾನಾಗಿಯೇ ಅಳಿಯುತ್ತದೆ. ಇನ್‌ಸ್ಪೆಕ್ಟರ್ ಅತಾವುಲ್ಲಾ ಎದ್ದು ಕಿಟಕಿಯವರೆಗೆ ಹೋದರು, ಹೊರಗೆ ಏನನ್ನೂ ನೋಡದೆ ಮತ್ತೆ ಬಂದು ಕುಳಿತರು.

ದೂರು ಗದಗದ ಸೈಬರ್ ಠಾಣೆಗೆ ಬಂದದ್ದು ನವೆಂಬರ್ 21ರಂದು. ಕೊಟ್ಟವರು ಬೆಟಗೇರಿಯ ಔಷಧ ವಿತರಕ ಸೋಮೇಶ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಔಷಧ ಅಂಗಡಿಗಳಿಗೆ ಅವರ ಗೋದಾಮಿನಿಂದಲೇ ಮಾಲು ಹೋಗುತ್ತಿತ್ತು. ವರ್ಷದಿಂದ ಅಂಗಡಿಯವರು ಫೋನ್ ಬಿಟ್ಟು ಆ್ಯಪ್‌ನಲ್ಲೇ ಆರ್ಡರ್ ಹಾಕುತ್ತಿದ್ದರು. ಹಿಂದಿನ ದಿನ, ಅಮಾವಾಸ್ಯೆಯಂದು, ಸರ್ವರ್‌ನಲ್ಲಿದ್ದುದೆಲ್ಲ ಅಳಿದಿತ್ತು. ಸರ್ವರ್ ಸುಟ್ಟುಹೋದರೂ ಕ್ಲೌಡ್‌ನಲ್ಲಿ ಕಾದಿಟ್ಟ ನಕಲಿನಿಂದ ಕೆಲಸವನ್ನು ಮತ್ತೆ ಶುರುಮಾಡಿಕೊಡುವ ತಂತ್ರಾಂಶವೊಂದಿತ್ತು. ಆ ನಕಲೂ ಅಳಿದಿತ್ತು. ತಂತ್ರಾಂಶದ ದಾಖಲೆಯ ಪ್ರಕಾರ ಅಳಿಸಿದ್ದು ಬೆಳಿಗ್ಗೆ 11.20ಕ್ಕೆ, ವಿದ್ಯಾಶ್ರೀಯ ಲ್ಯಾಪ್‌ಟಾಪಿನಿಂದ. ಅದೆಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಅವಳೇ. ಸೋಮೇಶ ಅಂದೇ ಅವಳ ಪಾಸ್‌ವರ್ಡ್ ರದ್ದು ಮಾಡಿಸಿದ್ದರು. ಎಫ್‌ಐಆರ್‌ನಲ್ಲಿ ಅವಳ ಹೆಸರಿತ್ತು.

ಇವತ್ತು 26. ಅವಳು ಎದುರಿನ ಬೆಂಚಿನ ಮೇಲೆ ಕುಳಿತಿದ್ದಳು.

“ಲ್ಯಾಪ್‌ಟಾಪ್ ನಿಮ್ದು.”

“ಹೌದ್ರಿ ಸರ್. ಅಮಾಸಿ ಪೂಜಾಕ್ಕ ಇಟ್ಟಿದ್ದೆ. ಬಾಜೂಕ ಸಾವ್ಕಾರ್ರ ಫೋನ್. ನಮ್ಮಲ್ಲಿ ಮುಚ್ಚಿದ ಸಾಮಾನಕ್ಕ ಪೂಜಾ ಮಾಡಂಗಿಲ್ರಿ. ಚಾಲೂ ಇರಬೇಕು.”

“ನೀವೆಲ್ಲಿದ್ರಿ?”

“ಹೊರಗ. ಗಾಡಿಗೆ ಕಾಯಿ ಒಡಿಯಾಕತ್ತಿದ್ರು. ಎಲ್ಲಾರೂ ಅಲ್ಲೇ ಇದ್ವಿ.”

ಅವಳೇ ಮುಂದುವರಿಸಿದಳು: “ಅಳಿಸಿದ ನಕಲನ್ನ ಆ ತಂತ್ರಾಂಶ ಒಂದು ವಾರ ತೆಗೆದಿಟ್ಟಿರ್ತೈತಿ. ನಾಳೆ ಮುಂಜಾನಿ ಅದೂ ಹೋಗ್ತೈತಿ. ಪಾಸ್‌ವರ್ಡ್ ನನ್ನ ಕೈಯಾಗ ಕೊಡ್ರಿ, ಬೇಕಾದ್ರ ನೀವು ಬಾಜೂಕ ಕುಂಡ್ರಿ. ಅದೂ ಹೋದ್ರ ನಾ ಮಾಡಿಲ್ಲಂತ ಯಾರು ನಂಬ್ತಾರ್ರಿ?”

ಅತಾವುಲ್ಲಾ ಎದ್ದು ನಿಂತರು. ಜೀಪು ತೆಗೆಯಲು ಹೇಳಿದರು.

ಗೋದಾಮಿನಲ್ಲಿ ಸ್ಥಳ ಪಂಚನಾಮೆ ಮೊದಲೇ ಮುಗಿದಿತ್ತು. ಸೋಮೇಶ ಹಳೆಯ ಮಾತನ್ನೇ ಹೇಳಿದರು. “ಒಳಗ ಯಾರೂ ಇರಲಿಲ್ರಿ. ಅಕೀನ ನಡುವ ಬಂದು ಹೋಗಿರಬೇಕು.”

“ಅಳಿಸಾಕ ನಿಮ್ಮ ಫೋನಿನ್ಯಾಗ ಒಪ್ಪಿಗಿ ಒತ್ತಬೇಕಿತ್ತು. ಅದಕ್ಕ ಲಾಕ್ ಇರಲಿಲ್ಲೇನ್ರಿ?”

“ಮನಿಮಂದಿಯಂಥಾವ್ರ ನಡುವ ಲಾಕ್ ಯಾಕ್ರಿ?”

ಹೆಡ್ ಕಾನ್‌ಸ್ಟೆಬಲ್ ಮಾಳವ್ವ ಪೂಜೆಯ ಮಣೆಯ ಬಳಿ ನಿಂತಿದ್ದರು. ಮಣೆಗೆ ತಾಗಿಯೇ ರಟ್ಟಿನ ಡಬ್ಬಿಗಳು ಛಾವಣಿಯವರೆಗೆ ಏರಿದ್ದವು. “ಇಷ್ಟ್ ರಟ್ಟಿನ ನಡುವ ದೀಪ ಹಚ್ಚಿ, ಹಂಗ ಬಿಟ್ಟು ಹೊರಗ ಹೋಗಿದ್ರೇನ್ರಿ?”

“ಹಂಗ ಬಿಡ್ತೀವೇನ್ರಿ ಅಕ್ಕಾರ? ದೀಪ ಕಾಯಾಕ ರಾಮಪ್ಪ ಇರ್ತಾರಲ್ಲ.”

“ಈಗರ ಯಾರೂ ಇರಲಿಲ್ಲ ಅಂದ್ರಿ.”

“ರಾಮಪ್ಪ ಯಾರೋ ಅಲ್ಲಲ್ರಿ. ನಮ್ಮಪ್ಪನ ಕಾಲದಿಂದ ಇದ್ದಾರ.”

ಮಾಳವ್ವ ಅತಾವುಲ್ಲಾರತ್ತ ತಿರುಗಿದರು. ಬಾಗಿಲ ಬಳಿಯ ಮೇಜಿನಿಂದ ಮ್ಯಾನೇಜರ್ ರಾಮಪ್ಪನವರ ದನಿ ಕೇಳುತ್ತಿತ್ತು. ಫೋನ್ ಕಿವಿಯಲ್ಲೇ ಇತ್ತು. “ಲೇ ಹುಚ್ಚಾ, ಕಂಪ್ಯೂಟರ್ ಸತ್ರ ನಾ ಸತ್ತೀನೇನು? ಬಿಪಿ ಗುಳಿಗಿ ನಿನ್ನೇನ ಶಿರಹಟ್ಟಿ ಗಾಡ್ಯಾಗ ಹಾಕೀನಿ.” ಇಟ್ಟ ತಕ್ಷಣ ಮತ್ತೆ ರಿಂಗಾಯಿತು. ಈ ಸಲ ಡೋಣಿ ಗ್ರಾಮದ ಅಂಗಡಿ. ಅಲ್ಲಿಗೆ ಹೋಗಬೇಕಿದ್ದ ಇನ್ಸುಲಿನ್ ಲಕ್ಷ್ಮೇಶ್ವರಕ್ಕೆ ಹೋಗಿತ್ತು. ರಾಮಪ್ಪ ಹಣೆ ಒರೆಸಿಕೊಂಡು ಫೋನ್ ಇಟ್ಟರು.

ಅತಾವುಲ್ಲಾ ಎದುರಿಗೆ ಕುರ್ಚಿ ಎಳೆದುಕೊಂಡರು.

“ನಕಲು ಮರಳಿ ತರೋ ತಾಲೀಮು ಪ್ರತಿ ತಿಂಗಳು ಮಾಡ್ತಿದ್ರಂತ. ವಿದ್ಯಾಶ್ರೀ ಜೋಡಿ ಯಾರು ಕುಂಡ್ರತಿದ್ರು?”

“ನಾನ್ರಿ. ಇಬ್ಬರಿಗೆ ಗೊತ್ತಿರಬೇಕಂತ ಅಕೀನ ಕಲಿಸಿದ್ಲು.”

“ಅಳಿಸಿದ್ದು ಒಂದು ವಾರ ಇರ್ತೈತಿ ಅಂತ ಗೊತ್ತಿತ್ತು.”

“ಗೊತ್ತಿತ್ರಿ. ಎರಡ್ಮೂರು ದಿನಕ್ಕ ಅಕಿ ತಂದುಬಿಡ್ತಾಳ ಅನ್ಕೊಂಡಿದ್ದೆ. ಸಾವ್ಕಾರ್ರು ಅಕಿ ಪಾಸ್‌ವರ್ಡ್ ಕಸ್ಕೊಂಡ್ರು.”

ಸೋಮೇಶ ರಾಮಪ್ಪನವರತ್ತ ತಿರುಗಿದರು.

“ಅಕೀನ್ನ ಠಾಣಿಗೆ ಕರದಾಗರ ಹೇಳಬೇಕಿತ್ತಲ್ರಿ.” ಅತಾವುಲ್ಲಾ ಅಂದರು.

ರಾಮಪ್ಪ ಮೇಜಿನ ಮೇಲಿನ ಆರ್ಡರ್ ಚೀಟಿಗಳನ್ನು ಜೋಡಿಸತೊಡಗಿದರು.

“ಯಾಕ ಮಾಡಿದ್ರಿ?”

ಫೋನ್ ಮತ್ತೆ ರಿಂಗಾಯಿತು. ಅವರ ಕೈ ತಾನಾಗಿಯೇ ಅತ್ತ ಹೋಯಿತು. ಮಾಳವ್ವ ಅದನ್ನು ತೆಗೆದುಕೊಂಡರು.

ಸಂಜೆ ಪಂಚರ ಎದುರಿಗೆ ವಿದ್ಯಾಶ್ರೀ ತನ್ನ ಹಳೆಯ ಕುರ್ಚಿಯಲ್ಲಿ ಕುಳಿತಳು. ಹೊಸ ಪಾಸ್‌ವರ್ಡ್ ಹಾಕಿ, ತೆಗೆದಿಟ್ಟ ನಕಲನ್ನು ಹುಡುಕಿ, ಮರಳಿ ತರುವ ಆದೇಶ ಕೊಟ್ಟಳು. ಅತಾವುಲ್ಲಾ ಅವಳ ಬೆರಳುಗಳನ್ನೇ ನೋಡುತ್ತ ನಿಂತರು. ಪರದೆಯ ಮೇಲೆ ಅಂಗಡಿಗಳ ಹೆಸರು ಒಂದೊಂದಾಗಿ ಮೂಡತೊಡಗಿದವು.

“ಚಾ ತರಸ್ಲೇನವಾ?” ಸೋಮೇಶ ಕೇಳಿದರು.

“ಬ್ಯಾಡ್ರಿ.” ಅವಳು ತಿರುಗಿ ನೋಡಲಿಲ್ಲ.

ರಾತ್ರಿ 7.30ಕ್ಕೆ ರಾಮಪ್ಪನವರ ಬಂಧನ ದಾಖಲಾಯಿತು. ಜಪ್ತಿ ಪಂಚನಾಮೆಗಾಗಿ ಅವರ ಫೋನಿನ ಕರೆಗಳನ್ನು ನೋಡಿದಾಗ, ಆ್ಯಪ್ ಬಂದ ಮೇಲೆ ತಿಂಗಳುಗಟ್ಟಲೆ ಮನೆಯದೊಂದೇ ನಂಬರು. ನವೆಂಬರ್ 20ರ ಮಧ್ಯಾಹ್ನದಿಂದ ಮಾತ್ರ ಒಂದರ ಕೆಳಗೊಂದು ಊರು. ಮಾಳವ್ವ ಫೋನಿಗೆ ಅರಗಿನ ಮುದ್ರೆ ಹಾಕಿ ಮುಗಿಸುವವರೆಗೆ ಅದು ಒಮ್ಮೆಯೂ ರಿಂಗಾಗಲಿಲ್ಲ. ಆ್ಯಪ್ ಮತ್ತೆ ನಡೆಯುತ್ತಿತ್ತು.

ಹೇಳಿಕೆಯಲ್ಲಿ ರಾಮಪ್ಪ ಯಾವ ಗುಂಡಿ ಒತ್ತಿದೆ, ದೀಪಕ್ಕೆ ಎಣ್ಣೆ ಯಾವಾಗ ಹಾಕಿದೆ ಎಂಬುದನ್ನೂ ಬಿಡದೆ ಹೇಳಿದರು. ತನಗೆ ಈಗ ಯಾರೂ ಫೋನ್ ಮಾಡುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.