ಸುಳ್ಳು ಬಾಯಿಯ ಬೀಗ

ಸಭೆ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಬೀಗದಕ್ಕ ಬಾಗಿಲಿಗೆ ಅಡ್ಡ ನಿಂತಳು.

“ನಾನೂ ಬರ್ತೀನಿ.”

ಬೆಟ್ಟ ಕುಸಿದು ಹೊಳೆಗೆ ಅಡ್ಡ ಬಿದ್ದಿತ್ತು. ಆ ಮಣ್ಣುಗುಡ್ಡೆಯ ಹಿಂದೆ ನೀರು ಏರುತ್ತಲೇ ಇತ್ತು. ಗುಡ್ಡೆ ಒಡೆದರೆ ಕೆಳಗಿನ ಊರು ಕೊಚ್ಚಿಹೋಗುವುದು ಖಂಡಿತ. ನೀರನ್ನು ಆಚೆಯ ಬರಡು ಕಣಿವೆಗೆ ತಿರುಗಿಸಲು ಇದ್ದದ್ದು ಒಂದೇ ದಾರಿ: ಮೇಲಿನ ಗವಿಯೊಳಗೆ ಹಿಂದಿನವರು ಕಟ್ಟಿದ ತೂಬು. ತೂಬಿನ ಬಾಗಿಲನ್ನು ಎತ್ತುವ ರಾಟೆಗೆ ಸರಪಳಿ ಸುತ್ತಿತ್ತು, ಸರಪಳಿಗೆ ಬೀಗ. ಕೀಲಿ ಯಾವ ಕಾಲದಲ್ಲಿ ಕಳೆದುಹೋಯಿತೋ ಬಲ್ಲವರಿಲ್ಲ.

“ಒಂದು ಬೀಗಕ್ಕೆ ಒಂದು ಚಿಟಿಕೆ ಮದ್ದು ಸಾಕು ಕಣೇ,” ಎಂದ ಮದ್ದಿನ ಮಾವ. ಕಲ್ಲುಗಣಿಯಲ್ಲಿ ಬಂಡೆ ಸಿಡಿಸುವುದೇ ಅವನ ಕಸುಬು. ಬೀಗದಕ್ಕನ ತಾಯಿಯ ತಮ್ಮ.

“ನಿನ್ನ ಚಿಟಿಕೆ ಗೊತ್ತಿಲ್ವಾ ಮಾವ? ಹೋದ ಸಲ ಬಂಡೆ ಅಲ್ಲೇ ಇತ್ತು, ಗಣಿಯ ಕಕ್ಕಸು ಹಾರಿಹೋಯ್ತು. ಬೀಗದ ಜೊತೆ ರಾಟೆನೂ ಚೂರಾದ್ರೆ ಬಾಗಿಲು ಎತ್ತೋದು ಯಾವುದರಿಂದ? ನಿನ್ನ ಮೀಸೆಯಿಂದಲಾ?”

ಊರ ಅಧ್ಯಕ್ಷೆ ನಗು ನುಂಗಿಕೊಂಡು ತೀರ್ಪು ಕೊಟ್ಟಳು. “ಮೊದಲು ಅವಳು ನೋಡಲಿ. ಕೈಲಾಗಲಿಲ್ಲ ಅಂದ್ರೆ ನೀವು ಸಿಡಿಸಿ.”

ಮಾರನೆಯ ದಿನ ಮಂಜು ಕರಗುವ ಮುಂಚೆಯೇ ಮೂವರು ಹೊರಟರು. ಮುಂದೆ ಹಗ್ಗದಣ್ಣ, ಬಂಡೆ ಹತ್ತುವವ, ಬಾಯಿ ಮುಚ್ಚಲಾರದವ. ಕಾಡು ಏರುತ್ತ ಏರುತ್ತ ತೆಳ್ಳಗಾಗಿ, ಕಮರಿಯ ಅಂಚಿನಲ್ಲಿ ತಟ್ಟನೆ ಮುಗಿದುಹೋಯಿತು. ಕೆಳಗೆ ನಿನ್ನೆ ಮೊನ್ನೆ ಹುಟ್ಟಿದ ಕೆರೆ, ಕಂದು ಬಣ್ಣದ್ದು, ಉಸಿರು ಕಟ್ಟಿ ಮಲಗಿದ ಹಾಗಿತ್ತು. ಮರಗಳ ನೆತ್ತಿಗಳಷ್ಟೇ ಮೇಲಿದ್ದವು. ಗೂಡು ಮುಳುಗಿದ ಹಕ್ಕಿಗಳು ತಮ್ಮ ಕೊಂಬೆ ಸಿಗದೆ ಸುತ್ತುತ್ತ ಕೂಗುತ್ತಿದ್ದವು. ಇನ್ನೂ ಕೆಳಗೆ, ಗುಡ್ಡೆಯಾಚೆ, ಊರಿನ ಮಾಳಿಗೆಗಳ ಮೇಲೆ ಒಗೆದ ಬಟ್ಟೆ ಹಾರಾಡುತ್ತಿತ್ತು. ಅಲ್ಲೊಂದು ಕಡೆ ಬೀಗದಕ್ಕನ ಬೀಗ ರಿಪೇರಿಯ ಅಂಗಡಿಯೂ ಇತ್ತು.

ಕೆರೆಯಂಚಿನ ಗವಿಗೆ ಇಳಿಯುವ ಹಾದಿ ಬಂಡೆಯ ಮೈಯಲ್ಲಿ ಗೀಚಿದ ಗೆರೆಯಷ್ಟು ಸಣ್ಣದು.

“ಕೆಳಗೆ ನೋಡಬೇಡ ಅಕ್ಕ,” ಎಂದ ಹಗ್ಗದಣ್ಣ. “ನೋಡಿದ್ರೂ ಚೆಂದ ಏನಿಲ್ಲ.”

ಅಷ್ಟರಲ್ಲಿ ಕಾಲಡಿಯ ಕಲ್ಲು ಜಾರಿತು.

ಬಿದ್ದಳು. ಸೊಂಟಕ್ಕೆ ಕಟ್ಟಿದ್ದ ಹಗ್ಗ ಬಿಗಿಯಿತು. ಮಾವನ ಕೈ ಅವಳ ರಟ್ಟೆಯನ್ನು ಕಚ್ಚಿ ಹಿಡಿಯಿತು. ಹೆಗಲ ಚೀಲ ಮಾತ್ರ ಕಳಚಿ, ಅರ, ಇಕ್ಕಳ, ಕೀಲಿಗೊಂಚಲುಗಳ ಸಮೇತ ನೀರಿಗೆ ಬಿತ್ತು.

“ಮುಗೀತು ಬಿಡು. ಇನ್ನು ಮದ್ದೇ ಗತಿ,” ಎಂದ ಮಾವ ಏದುಸಿರು ಬಿಡುತ್ತ.

“ಚೀಲ ಹೋಯ್ತು ಮಾವ. ಕೈ ಹೋಗಿಲ್ಲ.” ಅವಳು ತುರುಬು ಮುಟ್ಟಿ ನೋಡಿಕೊಂಡಳು. ಅಲ್ಲಿ ಸಿಕ್ಕಿಸಿಕೊಂಡಿದ್ದ ಉಕ್ಕಿನ ಸಣ್ಣ ಕಡ್ಡಿ ಭದ್ರವಾಗಿತ್ತು.

ಏರುತ್ತಿದ್ದ ಕೆರೆ ಆಗಲೇ ಗವಿಯೊಳಗೂ ನುಗ್ಗಿತ್ತು; ಮೊಣಕಾಲುದ್ದ ನೀರು. ಮಾವ ಮದ್ದಿನ ಚೀಲವನ್ನು ಗೋಡೆಯ ಗೂಡಿನಲ್ಲಿಟ್ಟ. “ಗೂಡಿನ ಅಂಚಿಗೆ ನೀರು ಮುಟ್ಟೋವರೆಗೆ ಕಾಯ್ತೀನಿ. ಆಮೇಲೆ ನೀನು ಅತ್ತರೂ ಇಲ್ಲ, ಕರೆದರೂ ಇಲ್ಲ.”

ಬೀಗ ಮೀನಿನ ಆಕಾರದ್ದು, ತೊಡೆಯಷ್ಟು ದಪ್ಪ. ಮೀನಿನ ಬಾಯಿರುವಲ್ಲಿ ದೊಡ್ಡದೊಂದು ಕೀಲಿತೂತು. ತೂತು ಕಂಡರೆ ಬೀಗದವರ ಕೈ ಸುಮ್ಮನಿರುತ್ತದೆಯೇ? ಕಡ್ಡಿ ತೂರಿಸಿ ತುಕ್ಕು ಕೆದಕಿದಳು, ಕೆರೆದಳು, ಬೆವರಿದಳು. ನೀರು ತೊಡೆಗೆ ಬಂತು. ಕೊನೆಗೆ ಅವರ ಮನೆತನದವರು ಮಾಡುವಂತೆ ಕಡ್ಡಿಯ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ತೂತಿನೊಳಗೆ ಒತ್ತಿ, ಕಣ್ಣು ಮುಚ್ಚಿದಳು. ಒಳಗೆ ಸ್ಪ್ರಿಂಗ್ ಇದ್ದರೆ ಹಲ್ಲು ಜುಮ್ಮೆನ್ನಬೇಕು.

ಏನೂ ಇಲ್ಲ. ಬರೀ ಗಟ್ಟಿ ಕಬ್ಬಿಣ.

“ಇದು ಬಾಯಲ್ಲ,” ಎಂದಳು ಬೆಚ್ಚಿ. “ವೇಷ! ಕಳ್ಳ ಇಲ್ಲೇ ಕೂತು ಕೆರೀಲಿ ಅಂತ ಇಟ್ಟಿದ್ದಾರೆ. ನಾನೂ ಕೂತು ಕೆರೆದೆ.”

ಮಾವ ಮದ್ದಿನ ಬತ್ತಿ ಬಿಚ್ಚತೊಡಗಿದ. ನೀರು ಸೊಂಟಕ್ಕೇರಿತ್ತು.

ರಾಕ್ಷಸನ ಎದೆಗೆ ಎಷ್ಟು ಇರಿದರೇನು ಮಗಳೇ, ಎನ್ನುತ್ತಿದ್ದಳು ಅಜ್ಜಿ ಕತೆ ಹೇಳುವಾಗ. ಅವನ ಪ್ರಾಣ ಅಲ್ಲಿದ್ದರೆ ತಾನೆ? ಬೀಗದಕ್ಕ ಮೀನಿನ ಮೈಯನ್ನೆಲ್ಲ ಅಂಗೈಯಿಂದ ಸವರಿದಳು. ಬಾಲದ ಸುತ್ತ ರಿವೆಟ್‌ಗಳ ಸಾಲು; ಎಲ್ಲವೂ ತುಕ್ಕು ಹಿಡಿದು ಒರಟು. ಒಂದರ ತಲೆ ಮಾತ್ರ ನುಣುಪು. ಎಷ್ಟೋ ಹೆಬ್ಬೆರಳುಗಳು ಒತ್ತಿ ಒತ್ತಿ ಸವೆಸಿದ ನುಣುಪು.

ಒತ್ತಿದಳು. ತಿರುವಿದಳು. ಬಾಲದ ತಗಡು ಪಕ್ಕಕ್ಕೆ ಸರಿದು ಮರಳು ಸುರಿಯಿತು. ಒಳಗೆ ಸೀಳಿನಂಥ ಕಿಂಡಿ. ಕಡ್ಡಿ ಕಚ್ಚಿ ಮುಟ್ಟಿದಳು. ಎಡದಲ್ಲಿ ಜುಮ್! ಬಲದಲ್ಲಿ ಜುಮ್!

“ಸಿಕ್ತು! ಮಾವ, ಕೊಡೆ ಬಿಚ್ಚಿಕೊಂಡು ಇಕ್ಕಟ್ಟು ಬಾಗಿಲಲ್ಲಿ ದಾಟೋಕಾಗುತ್ತಾ?”

“ನೀರು ಇಲ್ಲಿಗೆ ಬಂದಿದೆ, ಒಗಟು ಬೇರೆ ಕೇಡು!”

“ಇದರ ಅಗುಳಿಗೆ ಎರಡು ಕಿವಿ ಇವೆ, ಉಕ್ಕಿನವು. ಒಳಗೆ ನುಗ್ಗುವಾಗ ಮಡಚಿಕೊಂಡಿವೆ, ನುಗ್ಗಿದ ಮೇಲೆ ಕೊಡೆ ಥರ ಬಿಚ್ಚಿಕೊಂಡಿವೆ. ಅದಕ್ಕೇ ಹೊರಗೆ ಬರ್ತಿಲ್ಲ. ಇದರ ಕೀಲಿ ತಿರುಗಿಸೋದಲ್ಲ, ತಳ್ಳೋದು. ಕವೆ ಥರದ್ದು ಬೇಕು, ಎರಡು ಕಿವಿನೂ ಒಟ್ಟಿಗೆ ಹಿಂಡೋಕೆ.” ಅವಳ ಕಣ್ಣು ಮಾವನ ಹೆಗಲ ಮೇಲೆ ನಿಂತಿತು. “ನಿನ್ನ ಊಟದ ಡಬ್ಬಿ ಕೊಡು.”

“ಈಗ ಊಟಾನಾ?”

“ಅದರ ಪಟ್ಟಿ!”

ಡಬ್ಬಿಯನ್ನು ಬಿಗಿದಿಟ್ಟಿದ್ದ ಉಕ್ಕಿನ ಪಟ್ಟಿಯನ್ನು ಕಿತ್ತು, ಬಂಡೆಯ ಸಂದಿಗೆ ಕೊಟ್ಟು, ಕವೆಯಾಗಿ ಬಾಗಿಸಿದಳು. ಅನ್ನದ ಉಂಡೆಗಳು ನೀರಲ್ಲಿ ತೇಲಿಹೋದವು. ಹಗ್ಗದಣ್ಣ ಅವುಗಳನ್ನೇ ನೋಡುತ್ತ ನಿಟ್ಟುಸಿರು ಬಿಟ್ಟ.

ಕವೆ ಅರ್ಧ ಹೋಗಿ ನಿಂತಿತು. ನೀರು ಗೂಡಿನ ಅಂಚು ನೆಕ್ಕಿತು. ಮಾವ ಬೆಂಕಿಪೆಟ್ಟಿಗೆ ತೆಗೆದ.

ಅವಳು ಬೀಗಕ್ಕೆ ಬೆನ್ನು ಕೊಟ್ಟು ನಿಂತಳು. “ಹಚ್ಚು. ನಾನು ಇಲ್ಲಿಂದ ಕದಲಲ್ಲ.”

“ಹಟಮಾರಿ!”

“ನಿನ್ನ ಅಕ್ಕನ ಮಗಳು. ಬೆಂಕಿ ಬಿಡು, ನಿನ್ನ ಕಲ್ಲೊಡೆಯೋ ಸುತ್ತಿಗೆ ತಗೋ. ನಾನು ಕವೆ ಹಿಡ್ಕೊಳ್ತೀನಿ, ನೀನು ಬಡಿ. ಮೆಲ್ಲಗೆ. ಬಂಡೆ ಅಲ್ಲ ಇದು, ನಿದ್ದೆ ಹೋದ ಮಗು ಅಂದುಕೋ.”

ಜನ್ಮದಲ್ಲಿ ಮೆಲ್ಲಗೆ ಬಡಿದವನಲ್ಲ ಮಾವ. ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಬೆಂಕಿಪೆಟ್ಟಿಗೆಯನ್ನು ಜೇಬಿಗೆ ಹಾಕಿ, ಸುತ್ತಿಗೆಗೆ ತನ್ನ ಟವೆಲ್ ಸುತ್ತಿ, ಉಸಿರು ಹಿಡಿದು ತಟ್ಟಿದ.

ಟಪ್.

ಟಪ್.

ಟಕ್!

ಅಗುಳಿ ತಾನಾಗಿ ಜಾರಿ ಬಂತು. ಸರಪಳಿ ಗಲಗಲನೆ ನೀರಿಗಿಳಿಯಿತು. ಮೂವರೂ ರಾಟೆಗೆ ಎದೆಯೊಡ್ಡಿದರು. ರಾಟೆ ಕಿರುಗುಟ್ಟಿತು, ಮುನಿಯಿತು, ಹಲ್ಲು ಹಲ್ಲಾಗಿ ತಿರುಗಿತು. ಕಾಲ ಕೆಳಗೆಲ್ಲೋ ಬೆಟ್ಟದ ಹೊಟ್ಟೆ ಗುಡುಗಿತು. ಸೊಂಟದ ನೀರು ತೊಡೆಗೆ, ತೊಡೆಯದು ಮೊಣಕಾಲಿಗೆ ಇಳಿಯಿತು.

ಇಳಿಬಿಸಿಲಲ್ಲಿ ಊರು ಸೇರಿದಾಗ ಮೂವರ ಮೈಯಲ್ಲೂ ಒಣಗಿದ್ದೆಂಬುದು ಏನೂ ಉಳಿದಿರಲಿಲ್ಲ. ಬೀಗ ಮಾವನ ಹೆಗಲ ಮೇಲಿತ್ತು. ಹೊರಲು ಬೇರೆ ಯಾರಿಗೂ ಬಿಟ್ಟಿರಲಿಲ್ಲ ಅವನು.

“ಮುರಿದ್ರಾ?” ಎಂದಳು ಅಧ್ಯಕ್ಷೆ.

ಬೀಗದಕ್ಕ ಮಾವನಿಗೆ ಕೈಸನ್ನೆ ಮಾಡಿದಳು. ಬೀಗವನ್ನು ಕಟ್ಟೆಯ ಮೇಲಿಡಿಸಿ, ಎಲ್ಲರೆದುರು ಅಗುಳಿಯನ್ನು ಒಳಗೆ ನೂಕಿದಳು. ಟಕ್ ಎಂದು ಬಿದ್ದುಕೊಂಡಿತು, ಹೊಸದರಂತೆ.

ಅಧ್ಯಕ್ಷೆ ಬೆರಗಾಗಿ ಮೀನಿನ ಬಾಯಿಗೆ ಬೆರಳು ಹಾಕಹೋದಳು.

“ಅಲ್ಲಲ್ಲ ಅಮ್ಮ, ಅಲ್ಲಲ್ಲ!” ಮಾವ ಅವಳ ಕೈ ಸರಿಸಿ ಅಡ್ಡ ಬಂದ. “ಅದು ಕಳ್ಳರಿಗೆ. ಸ್ವಲ್ಪ ಹಿಂದೆ ಸರೀರಿ ಎಲ್ಲ, ನಾನು ತೋರಿಸ್ತೀನಿ. ಇದನ್ನ ಮೆಲ್ಲಗೆ ಮುಟ್ಟಬೇಕು.”