ಜಾಗ ಬದಲಿಸುತ್ತಿದ್ದ ವಿಮಾನ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ಮ್ಯಾನೇಜರೊಬ್ಬರು ಬಂದರು. ವಿಮಾನ ಕಂಪನಿಯೊಂದರ ನೆಲದ ಕೆಲಸಗಳೆಲ್ಲ ಅವರ ಉಸ್ತುವಾರಿಯಲ್ಲಿದ್ದವು. ಕುರ್ಚಿಯ ಅಂಚಿನಲ್ಲಿ ಕೂತು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಮೇಡಂ, ನಮ್ಮ ವಿಮಾನ ನಡೀತಾ ಇದೆ."

"ಹಾರೋದು ಬಿಟ್ಟು?" ಇನ್ಸ್‌ಪೆಕ್ಟರ್ ಕೇಳಿದರು.

"ಅದು ಹಾರಲ್ಲ. ಎಂಜಿನ್ನಿನ ಬಿಡಿಭಾಗ ಬಂದಿಲ್ಲ ಅಂತ ಎರಡು ತಿಂಗಳಿಂದ ಒಂದು ಮೂಲೆಯಲ್ಲಿ ನಿಲ್ಲಿಸಿದ್ವಿ. ಹೋದ ವಾರದಿಂದ ದಿನಾ ಒಂದೊಂದು ಕಡೆ ಇರುತ್ತೆ. ಚಕ್ರಕ್ಕೆ ಅಡ್ಡ ಇಡೋ ರಬ್ಬರ್ ದಿಮ್ಮಿಗಳು ಮಾತ್ರ ಅಚ್ಚುಕಟ್ಟಾಗಿ ಜೊತೆಗೇ ಬಂದಿರ್ತವೆ. ಬುಧವಾರ ಹೆಡ್ ಆಫೀಸಿನವರು ಬರ್ತಾರೆ. ವಿಮಾನ ಎಲ್ಲಿ ಅಂದ್ರೆ ಹುಡುಕ್ತಾ ಹೋಗ್ಲಾ?"

ದಫೇದಾರರು ಎಫ್‌ಐಆರ್ ಬರೆಯಲು ಕೂತರು.

"ಕಳುವಾದ ವಸ್ತು?"

"ವಿಮಾನ."

"ಈಗ ಎಲ್ಲಿದೆ?"

"ಅಗೋ, ನಿಮ್ಮ ಕಿಟಕಿಯಿಂದ ಕಾಣುತ್ತೆ."

ದಫೇದಾರರು ಪೆನ್ನು ಕೆಳಗಿಟ್ಟರು. "ಮೇಡಂ, ಅಂಗಳ ದಾಟದ ಎಮ್ಮೆಗೆ ಕಳವು ಕೇಸು ಹಾಕೋಕಾಗುತ್ತಾ?"

ಅನುಮತಿಯಿಲ್ಲದೆ ವಿಮಾನ ಸರಿಸಿ ಇತರರಿಗೆ ಅಪಾಯ ತಂದ ಆರೋಪದಡಿ ಪ್ರಕರಣ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆ. ಕಾಂಕ್ರೀಟು ಕಾವಲಿಯಂತೆ ಕಾದಿತ್ತು. ಅಳತೆ ಟೇಪಿನ ತುದಿ ಹಿಡಿದು ಹೋದ ದಫೇದಾರರು ವಿಮಾನದ ರೆಕ್ಕೆಯ ಕೆಳಗೆ ನಿಂತವರು ಆಚೆ ಬರಲೇ ಇಲ್ಲ. "ಇಲ್ಲಿಂದಲೇ ಅಳೀತೀನಿ ಮೇಡಂ." ಪಂಚರಿಬ್ಬರೂ ಮೆಲ್ಲಗೆ ಅತ್ತ ಸರಿದರು. ಕೊನೆಗೆ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ದೂರುದಾರರೂ ಹೋದರು. ಇನ್ಸ್‌ಪೆಕ್ಟರ್ ಒಬ್ಬರೇ ಬಿಸಿಲಲ್ಲಿ ನಿಂತು ಈ ಗುಂಪನ್ನು ದಿಟ್ಟಿಸಿದರು. ನೆರಳಲ್ಲಿ ನಿಂತವರ ಕಾಲ ಬಳಿ ಸುತ್ತಿಟ್ಟ ಚಾಪೆ, ನೀರಿನ ಕ್ಯಾನು, ನಾಲ್ಕಾರು ಊಟದ ಡಬ್ಬಿ.

ಅಷ್ಟರಲ್ಲಿ ಲಗೇಜು ಹೊರುವ ಹೆಂಗಸೊಬ್ಬಳು ಬಂದಳು. ಖಾಕಿ ಕಂಡು ಹಿಂದೆ ತಿರುಗಿದಳು.

"ಬಾರಮ್ಮ. ಇಲ್ಲಿ ಯಾರು ಕೂರ್ತೀರಿ?"

"ಲಗೇಜು ಹೊರೋ ನಾವು, ಮತ್ತೆ ಮೆಕ್ಯಾನಿಕ್ಕುಗಳು. ಮೊದಲು ಶೆಡ್ ಇತ್ತು ಮೇಡಂ, ಸಾಹೇಬ್ರು ಕೆಡವಿಸಿದ್ರು. ಈಗ ನಾವು ಎಲ್ಲಿ ಕೆಲಸ ಮಾಡ್ತೀವೋ ಅಲ್ಲಿಗೆ ವಿಮಾನ ಬಂದಿರುತ್ತೆ. ಯಾರೋ ಪುಣ್ಯಾತ್ಮರು ಅಂದ್ಕೊಂಡ್ವಿ."

ಎಲ್ಲರೂ ಮ್ಯಾನೇಜರನ್ನು ನೋಡಿದರು. "ಹೊಸ ಶೆಡ್ ಮಂಜೂರಾಗಿದೆ," ಎಂದು ಅವರು ರೆಕ್ಕೆಯ ತಳ ನೋಡತೊಡಗಿದರು.

"ವಿಮಾನ ಎಳೆಯೋಕೆ ಕಂಟ್ರೋಲ್ ಟವರಿನ ಅನುಮತಿ ಬೇಕು. ಅವರನ್ನು ಕೇಳಿದಿರಾ?" ಇನ್ಸ್‌ಪೆಕ್ಟರ್ ಮ್ಯಾನೇಜರನ್ನು ಕೇಳಿದರು.

"ಅವರು ಬೇರೆ ಇಲಾಖೆ ಮೇಡಂ."

ಇನ್ಸ್‌ಪೆಕ್ಟರ್ ಟವರಿನ ಮೆಟ್ಟಿಲು ಹತ್ತಿದರು.

"ದಿನಾ ಬೆಳಿಗ್ಗೆ ಎಳೆಯೋಕೆ ಅನುಮತಿ ಕೇಳಿದ್ರು, ಕೊಟ್ವಿ," ಎಂದ ಅಲ್ಲಿನ ಅಧಿಕಾರಿ.

"ಯಾಕೆ ಅಂತ ಕೇಳಲಿಲ್ವಾ?"

"ಎಲ್ಲಿಗೆ ಅಂತ ಮಾತ್ರ ಕೇಳ್ತೀವಿ."

"ಯಾರ ದನಿ?"

"ರಿವರ್ಸ್ ಮಾವಂದು. ಇನ್ಯಾರು ಅಷ್ಟು ಮರ್ಯಾದೆಯಿಂದ ಕೇಳ್ತಾರೆ?"

ಪ್ರಯಾಣಿಕರನ್ನು ತುಂಬಿಕೊಂಡ ವಿಮಾನವನ್ನು ಟ್ರ್ಯಾಕ್ಟರಿನಿಂದ ಹಿಂದಕ್ಕೆ ತಳ್ಳುವುದೇ ಆ ಚಾಲಕರ ಕೆಲಸ, ಅದಕ್ಕೇ 'ರಿವರ್ಸ್'. ಅದರಲ್ಲೇ ತಲೆ ನೆರೆದಿತ್ತು. ಅಳಿಯ ಅಲ್ಲೇ ಮೆಕ್ಯಾನಿಕ್ಕು. ಅವನು 'ಮಾವ' ಎನ್ನುತ್ತಿದ್ದುದರಿಂದ ನಿಲ್ದಾಣಕ್ಕೆಲ್ಲ ಅವರು ಮಾವನಾಗಿದ್ದರು.

ಮೂರು ಗಂಟೆಗೆ ಠಾಣೆಯಲ್ಲಿ ಮಾವನ ವಿಚಾರಣೆ ನಡೆಯಿತು.

"ಎಳೆದದ್ದು ನೀವೇನಾ?"

"ನಾನೇ."

"ವಿಮಾನದೊಳಗೆ ಕೂತು ಬ್ರೇಕ್ ನೋಡಿಕೊಳ್ಳೋಕೆ ಇನ್ನೊಬ್ಬರು ಬೇಕಲ್ಲ?"

"ಅಳಿಯ. ಮೇಲಿನ ಆದೇಶ ಅಂದೆ, ಹತ್ತಿ ಕೂತ. ಹಿಂದುಮುಂದು ಕೇಳೋ ಬುದ್ಧಿ ಇದ್ದಿದ್ರೆ ನನ್ನ ಮಗಳಿಗ್ಯಾಕೆ ಈ ಕಷ್ಟ?"

"ಮೇಲಿನವರು ಅಂದ್ರೆ ಯಾರು?"

ಮಾವ ಬೆರಳೆತ್ತಿ ಮೇಲೆ ತೋರಿಸಿದರು. "ಸೂರ್ಯ."

ದಫೇದಾರರು ಬರೆಯುವುದನ್ನು ನಿಲ್ಲಿಸಿ ಇನ್ಸ್‌ಪೆಕ್ಟರ್ ಮುಖ ನೋಡಿದರು. ಮಾವನ ಗಡಸು ದನಿ ಸ್ವಲ್ಪ ಇಳಿಯಿತು.

"ಹೋದ ವಾರ ಅಳಿಯ ಬಿಸಿಲಿಗೆ ತಲೆ ತಿರುಗಿ ಬಿದ್ದ ಮೇಡಂ. ತುಂಬಾ ಹೊತ್ತು ಏಳಲೇ ಇಲ್ಲ. ಎದ್ದವನು, ಅವಳಿಗೆ ಹೇಳ್ಬೇಡಿ ಮಾವ ಅಂತ ಕೈ ಹಿಡ್ಕೊಂಡ. ಮಾರನೇ ದಿನ ನನಗಿಂತ ಮುಂಚೆ ಕೆಲಸಕ್ಕೆ ಹಾಜರ್! ಮ್ಯಾನೇಜರ್ ಹತ್ರ ಎರಡು ಸಲ ಶೆಡ್ ಕೇಳಿದೆ. ಇನ್ನೊಂದು ಸಲ ಬಿದ್ರೆ ಏಳ್ತಾನೋ ಇಲ್ವೋ. ಆ ವಿಮಾನ ಸುಮ್ನೆ ನಿಂತಿತ್ತು, ಅಷ್ಟಗಲ ರೆಕ್ಕೆ ಇಟ್ಕೊಂಡು."

"ಬೇರೆ ವಿಮಾನಕ್ಕೆ ತಾಗಿದ್ರೆ?"

"ತಪ್ಪೇ. ಇಲ್ಲ ಅನ್ನಲ್ಲ."

ಹೇಳಿಕೆ ದಾಖಲಾಯಿತು. ನಾಲ್ಕು ಗಂಟೆಗೆ ಬಂಧನ. ಕಂಪನಿ ಅವರನ್ನು ಅಮಾನತು ಮಾಡಿತು. ತಮ್ಮ ಬಳಿ ಎರಡು ಸಲ ಶೆಡ್ ಕೇಳಿದ್ದು ಹೇಳಿಕೆಯಲ್ಲಿರುವುದನ್ನು ಓದಿದ ಮ್ಯಾನೇಜರ್ ಅಲ್ಲಿಂದಲೇ ಫೋನ್ ಮಾಡಿ, ಕತ್ತಲಾಗುವುದರೊಳಗೆ ತಗಡಿನ ಚಪ್ಪರ ಏಳಬೇಕೆಂದು ಯಾರಿಗೋ ಗದರಿದರು.

ಠಾಣಾ ಜಾಮೀನಿಗೆ ಅಳಿಯ ಬಂದ. ರುಜು ಹಾಕುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ ತಲೆಯೆತ್ತಿದ.

"ಮಾವ, ನನಗೋಸ್ಕರನಾ?"

"ನಿನಗ್ಯಾಕೋ? ಲಗೇಜು ಹೊರೋ ಹೆಣ್ಮಕ್ಕಳಿಗೆ. ರುಜು ನೆಟ್ಟಗೆ ಹಾಕು."

ಇಬ್ಬರೂ ಹೊರಗೆ ಹೋದರು. ದಫೇದಾರರು ವರದಿಯ ಕೊನೆಗೆ ಬಂದಿದ್ದರು. "ಕೃತ್ಯಕ್ಕೆ ಕಾರಣ ಬಿಸಿಲು ಅಂತ ಬರೀಲಾ ಮೇಡಂ?"

ಇನ್ಸ್‌ಪೆಕ್ಟರ್ ಕಿಟಕಿಯಾಚೆ ನೋಡಿದರು. ಮಾವ ತಮ್ಮ ಟೋಪಿ ತೆಗೆದು ಅಳಿಯನ ತಲೆಗೆ ಕಿವಿಯವರೆಗೂ ಒತ್ತಿ ಹಾಕುತ್ತಿದ್ದರು, ಬೈಯುತ್ತಲೇ.

"ಅಳಿಯ ಅಂತ ಬರೀರಿ," ಎಂದರು.