ಸುಟ್ಟ ಅಂಚಿನ ಲಕೋಟೆ

1971ರ ಅಕ್ಟೋಬರ್ 16, ಶನಿವಾರ. ಮಧ್ಯಾಹ್ನ 1 ಗಂಟೆ 20 ನಿಮಿಷಕ್ಕೆ ಪೆನ್ಸಿಲ್ವೇನಿಯಾದ ಲೊವೆಲ್ ಫರ್ನೇಸ್ ಊರಿನ ಪೊಲೀಸ್ ಠಾಣೆಗೆ ಫೋನು ಬಂತು. ಎತ್ತಿಕೊಂಡವನು ಸಾರ್ಜೆಂಟ್ ವಾಲ್ಟ್ ಕ್ರೈಡರ್.

“ಕಳ್ಳತನ ಆಗಿದೆ. ಅಗ್ನಿಶಾಮಕ ದಳದ ಹಾಲ್‌ಗೆ ಬೇಗ ಬನ್ನಿ.”

“ಏನು ಹೋಗಿದೆ?”

“ಲಕೋಟೆ.”

“ಒಳಗೇನಿತ್ತು?”

“ಒಳಗೇನಿದ್ರೆ ಏನ್ರೀ? ಲಕೋಟೆ ಹೋಗಿದೆ ಅಂತಿದೀನಿ! ನಿಮ್ಮ ಠಾಣೆ ಕಾರಿಗಿಂತ ಜಾಸ್ತಿ ಬಾಳುತ್ತೆ ಅದು.”

ಕ್ರೈಡರ್ ಫೋನು ಇಟ್ಟು ಪೇದೆ ಲಾಮಾರ್ ಜೂಕ್‌ನನ್ನು ಕರೆದ. ನಮ್ಮೂರಿನ ಠಾಣೆಯ ಕಾರು ಎಂಥದೆಂದು ಬಲ್ಲವರಿಗೆ ಆ ಮಾತಿನಲ್ಲಿ ಹೆಚ್ಚೇನೂ ಉತ್ಪ್ರೇಕ್ಷೆ ಕಾಣಿಸದು.

ಹಾಲ್‌ನಲ್ಲಿ ಅಂಚೆಚೀಟಿ ಸಂಘದ ವಾರ್ಷಿಕ ಪ್ರದರ್ಶನ ನಡೆಯುತ್ತಿತ್ತು. ದೂರು ಕೊಟ್ಟವನು ಸಂಘದ ಅಧ್ಯಕ್ಷ ಎವರೆಟ್ ಬೋಮನ್, ವಯಸ್ಸು ಅರವತ್ತಾರು. ಮೂವತ್ತೇಳು ವರ್ಷ ಇದೇ ಊರಿನ ಅಂಚೆ ಕಚೇರಿಯ ಕಿಟಕಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಇಪ್ಪತ್ತರ ದಶಕದಲ್ಲಿ ಸರ್ಕಾರ ವಿಮಾನ ಟಪಾಲನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಾಗ, ಹೊಸ ಮಾರ್ಗದ ಮೊದಲ ವಿಮಾನ ಹೊರಡುವ ದಿನ ಈ ಸಂಗ್ರಹಕಾರರು ತಮಗೆ ತಾವೇ ಲಕೋಟೆ ಕಳಿಸಿಕೊಳ್ಳುತ್ತಿದ್ದರು. ಒಳಗೆ ಪತ್ರವಿಲ್ಲ, ಮುದ್ರೆ ಚೆನ್ನಾಗಿ ಮೂಡಲೆಂದು ಒಂದು ರಟ್ಟಿನ ತುಂಡು ಮಾತ್ರ. ಬೋಮನ್ ಬಳಿ ಅಂಥವು ನಾನೂರಕ್ಕೂ ಹೆಚ್ಚು.

ಚಿನ್ನದ ಪದಕ ಪಡೆದಿದ್ದ ಅವನ ಸಂಗ್ರಹದ ಏಳನೆಯ ಚೌಕಟ್ಟಿನ ಗಾಜು ಪುಡಿಯಾಗಿತ್ತು. ಕೆಳಗೆ ಸೇಬಿನ ಜಾಮ್ ತುಂಬಿದ ಬಾಟಲಿಯೊಂದು ಬಿದ್ದಿತ್ತು, ಅದಕ್ಕೆ ಸೀಳೂ ಬಂದಿರಲಿಲ್ಲ. ಗಾಜಿನ ಚೂರಿನ ಮೇಲೆ ರಕ್ತ. ಪೈಲಟ್‌ಗಳ ಸಹಿ ಇದ್ದ ಅಕ್ಕಪಕ್ಕದ ಲಕೋಟೆಗಳನ್ನು ಯಾರೂ ಮುಟ್ಟಿರಲಿಲ್ಲ. ಜೂಕ್ ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು ಮಹಜರು ಬರೆಯತೊಡಗಿದ.

“ಎಷ್ಟು ಹೊತ್ತಿಗೆ ಆಯ್ತು?” ಕ್ರೈಡರ್ ಕೇಳಿದ.

“ಹನ್ನೆರಡೂವರೆಗೆ ಎಲ್ಲರೂ ಪಕ್ಕದ ಕೋಣೆಗೆ ಕೋಳಿ ಸೂಪಿಗೆ ಹೋದ್ವಿ. ಒಂದು ಗಂಟೆಗೆ ಬಂದು ನೋಡಿದ್ರೆ ಹೀಗೆ,” ಎಂದ ಬೋಮನ್.

“ಯಾವ ಲಕೋಟೆ ಅದು?”

“ವಿಮಾನ ಅಪಘಾತದ್ದು. 1928, ನವೆಂಬರ್ 13. ಕ್ಲೀವ್‌ಲ್ಯಾಂಡ್ ಮುದ್ರೆ, ಸಂಜೆ ಐದೂವರೆ. ಐದು ಸೆಂಟಿನ ಚೀಟಿ. ವಿಮಾನ ಬೆಟ್ಟಕ್ಕೆ ಬಡಿದು ಉರೀತು. ಚೀಲದಲ್ಲಿ ಉಳಿದ ಟಪಾಲಿಗೆಲ್ಲ ಅಂಚೆಯವರು ಕೆಂಪು ಮುದ್ರೆ ಒತ್ತಿ ವಿಳಾಸಕ್ಕೆ ಕಳಿಸಿದ್ರು. ಬಲಗಡೆ ಅಂಚು ಸುಟ್ಟಿದೆ. ಅಂಥದ್ದು ಇಡೀ ದೇಶದಲ್ಲಿ ಹನ್ನೊಂದೇ ಇರೋದು.”

“ಯಾರ ವಿಳಾಸ?”

ಬೋಮನ್ ಕನ್ನಡಕ ತೆಗೆದು ಒರೆಸಿದ. “ನೆನಪಿಲ್ಲ.”

“ಮುದ್ರೆ ಬಿದ್ದ ಗಂಟೆ ನೆನಪಿದೆ, ಹೆಸರು ನೆನಪಿಲ್ಲ?”

“ವಿಳಾಸ ಯಾರೂ ನೋಡಲ್ಲ ಸಾರ್ಜೆಂಟ್. ಆಲ್ಬಮ್ಮಿನ ಪುಟದಲ್ಲಿ ಸೀಳು ಮಾಡಿ ಲಕೋಟೆ ಒಳಗೆ ಸೇರಿಸಿರ್ತೀವಿ. ಚೀಟಿ, ಮುದ್ರೆ ಇರೋ ಭಾಗ ಅಷ್ಟೇ ಹೊರಗೆ ಕಾಣೋದು.”

ಚೌಕಟ್ಟಿನಲ್ಲಿ ಉಳಿದಿದ್ದ ಪುಟದ ಕೆಳಗೆ ಅಂದವಾದ ಅಕ್ಷರದಲ್ಲಿ ವಿವರಣೆ ಇತ್ತು: ‘ಸುಸ್ಥಿತಿಯಲ್ಲಿದೆ. ತೆರೆಯದೇ ಉಳಿದದ್ದು. 1929ರಲ್ಲಿ ವಿಳಾಸದಾರರಿಂದ ಪಡೆದದ್ದು.’ ಕ್ರೈಡರ್ ಅದನ್ನು ಹಾಗೆಯೇ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡ.

2 ಗಂಟೆ 5 ನಿಮಿಷಕ್ಕೆ ಅಡುಗೆಕೋಣೆಯಲ್ಲಿ ಮೇಬಲ್ ಎಶ್‌ಳ ವಿಚಾರಣೆ. ಹಾಲ್‌ನ ಬಾಗಿಲ ಬಳಿ ಕಡುಬು, ಜಾಮ್ ಮಾರುತ್ತಿದ್ದ ಹೆಂಗಸು ಅವಳು.

“ಈ ಬಾಟಲಿ ನಿಮ್ಮದಾ?”

“ನಂದೇ. ಗಾಜು ಒಡೆದ್ರೂ ನನ್ನ ಬಾಟಲಿ ಒಡೀಲಿಲ್ಲ ನೋಡಿ.”

“ಇವತ್ತು ಯಾರ್ಯಾರು ತಗೊಂಡ್ರು?”

“ಇನ್ನೂ ಮೂರೇ ಹೋಗಿರೋದು. ಪಾದ್ರಿಯವರು ಎರಡು ತಗೊಂಡ್ರು. ಒಂದು ಎಲ್ಡಾ ಸ್ಟಾಫರ್. ಪಾಪ, ಅವಳು ಚೀಟಿ ನೋಡೋಕೆ ಬಂದೋಳಲ್ಲ. ಜಾಮ್ ತಗೊಂಡು, ಹಾಗೇ ಒಳಗೆ ಒಂದು ಸುತ್ತು ಹಾಕ್ತೀನಿ ಅಂದ್ಲು.”

ಎಲ್ಡಾ ಸ್ಟಾಫರ್‌ಳನ್ನು ಊರಿನಲ್ಲಿ ತಿಳಿಯದವರಿರಲಿಲ್ಲ. ಅಂಗಿ ಕಾರ್ಖಾನೆಯಲ್ಲಿ ನಲವತ್ತು ವರ್ಷ ಕಾಲರು ಹೊಲಿದವಳು. ಗಂಡ ರಸೆಲ್ ಮದುವೆಯಾದ ವರ್ಷವೇ ಬಿಟ್ಟು ಓಡಿಹೋದ ಎಂದು ಊರೆಲ್ಲ ಆಡಿಕೊಂಡಿತ್ತು. ಆಡಿಕೊಂಡವರಲ್ಲಿ ನಮ್ಮ ಮನೆಯವರೂ ಇದ್ದರು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಕ್ರೈಡರ್ ಮತ್ತು ಜೂಕ್ 2.40ಕ್ಕೆ ಅವಳ ಮನೆಯ ಬಾಗಿಲು ತಟ್ಟಿದರು. ಅವಳು ತಡಮಾಡದೆ ತೆರೆದಳು. ಬಲಗೈಗೆ ಬಟ್ಟೆ ಸುತ್ತಿತ್ತು.

“ಇಷ್ಟು ಹೊತ್ತು ಬೇಕಾಯ್ತಾ ಬರೋಕೆ?” ಎಂದಳು.

ಅಡುಗೆಮನೆಯ ಮೇಜಿನ ಮೇಲೆ, ತಟ್ಟೆಯೊಂದರಲ್ಲಿ, ಆ ಲಕೋಟೆ ಇತ್ತು. ಬಲಗಡೆಯ ಅಂಚು ಸುಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಕೆಂಪು ಮುದ್ರೆ ವಿಳಾಸದ ಮೊದಲ ಸಾಲಿನ ಮೇಲೆಯೇ ಬಿದ್ದಿತ್ತು: ಮಿಸೆಸ್ ಎಲ್ಡಾ ಸ್ಟಾಫರ್, ಲೊವೆಲ್ ಫರ್ನೇಸ್, ಪೆನ್ಸಿಲ್ವೇನಿಯಾ.

“ಸ್ಟಾಫರ್ ಅನ್ನೋದನ್ನ ಆ ಬೋಮನ್ ಪುಟದೊಳಗೆ ಮುಚ್ಚಿದ್ದ,” ಎಂದಳು ಎಲ್ಡಾ. “ಕೆಂಪು ಮುದ್ರೆ ತೋರಿಸದೆ ಇದ್ರೆ ಪದಕ ಬರಲ್ಲ ನೋಡಿ, ಅದಕ್ಕೆ ಎಲ್ಡಾ ಅನ್ನೋದು ಹೊರಗೆ ಉಳೀತು. ನನ್ನ ಗಂಡನ ಕೈಬರಹ ನನಗೆ ಗೊತ್ತಾಗಲ್ವಾ?”

“ಇದನ್ನ ನೀವು ಬೋಮನ್‌ಗೆ ಯಾವಾಗ ಕೊಟ್ರಿ?”

“ಕೊಡೋದು? ಇವತ್ತು ಮಧ್ಯಾಹ್ನದವರೆಗೆ ಇದು ಇದೆ ಅಂತಲೇ ಗೊತ್ತಿರಲಿಲ್ಲ ನನಗೆ!” ಅವಳ ಧ್ವನಿ ಏರಿತು. “ನಮ್ಮಪ್ಪನ ಜೊತೆ ಜಗಳ ಆಡ್ಕೊಂಡು ರಸೆಲ್ ಹೋದ. ಹೋಗಿ ಬರೀತೀನಿ ಅಂದಿದ್ದ. ಆ ಚಳಿಗಾಲ ಪೂರ್ತಿ ದಿನಾ ಅಂಚೆ ಕಚೇರಿಗೆ ಹೋಗಿ ಕೇಳ್ದೆ ಸಾರ್ಜೆಂಟ್. ಕಿಟಕಿಯಲ್ಲಿ ಯಾರಿದ್ರು ಗೊತ್ತಾ? ಅವನೇ. ಎವರೆಟ್. ‘ಇವತ್ತೂ ಏನಿಲ್ಲ ಎಲ್ಡಾ’ ಅಂತಿದ್ದ. ಮರುಕ ಪಟ್ಟೋನ ಹಾಗೆ ತಲೆ ಬೇರೆ ಆಡಿಸ್ತಿದ್ದ.”

ಜೂಕ್ ಬರೆಯುವುದನ್ನು ನಿಲ್ಲಿಸಿದ.

“ರಸೆಲ್ 1954ರಲ್ಲಿ ಸತ್ತ. ಅವನ ತಮ್ಮ ತಿಳಿಸಿದ. ಹೂವೂ ಕಳಿಸಲಿಲ್ಲ ನಾನು. ಸತ್ರೆ ಸಾಯ್ಲಿ ಅಂದೆ.”

“ಇನ್ನೂ ಯಾಕೆ ಒಡೆದಿಲ್ಲ?” ಕ್ರೈಡರ್ ಕೇಳಿದ.

“ನಾನೊಬ್ಬಳೇ ಒಡೆದ್ರೆ, ಒಳಗಿರೋದನ್ನ ನೀನೇ ಬರೆದಿಟ್ಟೆ ಅಂತಾನೆ ಎವರೆಟ್. ನಿಮ್ಮ ಕಣ್ಣೆದುರಿಗೆ ಒಡೀಬೇಕು ಅಂತ ಕಾದೆ. ಒಡೀಲಾ?”

ಕ್ರೈಡರ್‌ಗೆ ‘ಒಡೆಯಿರಿ’ ಎನ್ನುವ ಆಸೆ ಇತ್ತು. ಆದರೆ ಅದು ಪ್ರಕರಣದ ಮಾಲು. ಯಾರ ಸ್ವತ್ತೆಂದು ತೀರ್ಮಾನವಾಗುವ ಮುಂಚೆ ಒಡೆದರೆ ಬೋಮನ್‌ನ ವಕೀಲ ಅದನ್ನೇ ಹಿಡಿದು ಜಗ್ಗುತ್ತಾನೆ. ಅವನು ಲಕೋಟೆಯನ್ನು ವಶಪಡಿಸಿಕೊಂಡು ರಸೀದಿ ಬರೆದುಕೊಟ್ಟ. ಎಲ್ಡಾ ರಸೀದಿಯನ್ನು ಓದಿ, ಮಡಚಿ, ಮೇಜಿನ ಮೇಲೆ ಕುಕ್ಕಿದಳು.

“ಮತ್ತೆ ಒಂದು ಕಚೇರಿಯವರು ನನ್ನ ಕಾಗದ ಇಟ್ಕೊಂಡ್ರು,” ಎಂದಳು.

ಆ ಮಾತು ಕ್ರೈಡರ್‌ನನ್ನು ಠಾಣೆಯವರೆಗೂ ಚುಚ್ಚಿತು.

ಬೋಮನ್ ಅಲ್ಲಿ ಕಾಯುತ್ತ ಕುಳಿತಿದ್ದ. ಲಕೋಟೆ ಸಿಕ್ಕಿತೆಂದು ಕೇಳಿ ಎದ್ದು ನಿಂತ. “ತೆರೆದಿಲ್ಲ ತಾನೆ? ದೇವರ ದಯೆ. ತೆರೆದ್ರೆ ಅರ್ಧ ಬೆಲೆಯೂ ಇಲ್ಲ.”

“ವಿಳಾಸದಾರರಿಂದ ತಗೊಂಡೆ ಅಂತ ಬರೆದಿದೀರಿ.”

“ಹೌದು. ಎಲ್ಡಾನೇ ಮಾರಿದ್ದು. ಮರೆತಿದಾಳೆ. ವಯಸ್ಸಾಯ್ತು.”

“ಅವರು ನಿಮಗಿಂತ ಒಂದು ವರ್ಷ ಚಿಕ್ಕೋರು. ಹೆಸರು ಈಗ ನೆನಪಾಯ್ತಾ?”

ಬೋಮನ್ ವಕೀಲರನ್ನು ಕಂಡು ಬರುತ್ತೇನೆಂದು ಹೋದ.

ಅವನು ಹೋದ ಮೇಲೆ ಕ್ರೈಡರ್ ಟಿಪ್ಪಣಿ ಪುಸ್ತಕ ಬಿಡಿಸಿದ. ‘ತೆರೆಯದೇ ಉಳಿದದ್ದು. ವಿಳಾಸದಾರರಿಂದ ಪಡೆದದ್ದು.’ ಎರಡು ಮೂರು ಸಲ ಓದಿದ. ನಂತರ ಸಂಘದ ಕಾರ್ಯದರ್ಶಿಗೆ ಫೋನು ಮಾಡಿದ.

“ಉರಿದ ವಿಮಾನದಿಂದ ಗಂಡನ ಕಾಗದ ಬರುತ್ತೆ. ಹೆಂಡತಿ ಅದನ್ನ ಒಡೆಯದೇ ಮಾರಿಬಿಡ್ತಾಳೆ. ನಿಮ್ಮಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ವಾ?”

“ನಮ್ಮ ಲಕೋಟೆಗಳು ಯಾವೂ ಒಡೆದಿರಲ್ಲ ಸಾರ್ಜೆಂಟ್. ಒಡೆಯದೇ ಇದ್ರೆ ಒಳ್ಳೇದು ಅಂತ ಅಷ್ಟೇ ನಮಗೆ ಗೊತ್ತು. ಅದಕ್ಕೇ ಚಿನ್ನದ ಪದಕ ಕೊಟ್ವಿ.”

ಕ್ರೈಡರ್ ಫೋನು ಕುಕ್ಕಿ ಇಟ್ಟ. ಒಳಗೆ ಬರೀ ರಟ್ಟು ತುಂಬಿದ ಲಕೋಟೆಗಳ ನಡುವೆ ಬದುಕಿದ ಜನ. ಒಳಗೊಂದು ಮಾತು ಇರಬಹುದೆಂದು ಅವರ ತಲೆಗೆ ಹೊಳೆಯಲೇ ಇಲ್ಲ! ಬೋಮನ್ ತನ್ನ ತಪ್ಪೊಪ್ಪಿಗೆಯನ್ನು ಚೌಕಟ್ಟು ಹಾಕಿಸಿ, ಗಾಜು ಹೊದಿಸಿ, ಊರ ನಡುವೆ ನೇತುಹಾಕಿದ್ದ. ನೋಡಿದವರು ಚಪ್ಪಾಳೆ ತಟ್ಟಿದ್ದರು. ಸಂಜೆ 5.10ಕ್ಕೆ ಕ್ರೈಡರ್ ಹ್ಯಾರಿಸ್‌ಬರ್ಗ್‌ನ ಅಂಚೆ ತನಿಖಾಧಿಕಾರಿಗೆ ವಿಷಯ ತಿಳಿಸಿ, 1928ರ ಅಪಘಾತದ ಕಡತ ಇದ್ದರೆ ತರಲು ಕೇಳಿಕೊಂಡ.

ಭಾನುವಾರ ಚರ್ಚು ಮುಗಿದ ಮೇಲೆ ಎಲ್ಡಾ ಠಾಣೆಗೆ ಬಂದಳು. ಮಾಲುಗಳನ್ನಿಡುವ ಬೀರುವಿನ ಎದುರಿಗಿದ್ದ ಬೆಂಚಿನ ಮೇಲೆ ಕೈಚೀಲ ತೊಡೆಯಲ್ಲಿಟ್ಟುಕೊಂಡು ಕುಳಿತಳು.

“ನಾಳೆ ಬೆಳಗ್ಗೆ ಅಧಿಕಾರಿ ಬರ್ತಾರೆ. ಮನೆಗೆ ಹೋಗಿ ಅಮ್ಮ,” ಎಂದ ಜೂಕ್.

“ನಲವತ್ಮೂರು ವರ್ಷ ಮನೇಲೇ ಇದ್ನಲ್ಲಪ್ಪ. ಏನು ಬಂತು?”

ಜೂಕ್ ಕಾಫಿ ತಂದುಕೊಟ್ಟ. ಅವಳು ಕುಡಿದಳು, ಏಳಲಿಲ್ಲ. ಠಾಣೆಯಲ್ಲಿದ್ದಷ್ಟೂ ಹೊತ್ತು ಅವಳ ದೃಷ್ಟಿ ಬೀರುವಿನ ಬೀಗದ ಮೇಲೆಯೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಕ್ರೈಡರ್ ಅವಳನ್ನು ಅದೇ ಹಳೆಯ ಕಾರಿನಲ್ಲಿ ಮನೆಗೆ ಬಿಟ್ಟು ಬಂದ. ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು: “ಅವನಿಗೇ ವಾಪಸ್ ಕೊಡ್ತಾರಾ ಅದನ್ನ?” ಗೊತ್ತಿಲ್ಲ ಎಂದು ಹೇಳಬೇಕಾಗಿ ಬಂದುದಕ್ಕೆ ಅವನಿಗೆ ತನ್ನ ಮೇಲೆಯೇ ರೇಗಿತು.

ಅಕ್ಟೋಬರ್ 18, ಸೋಮವಾರ, ಬೆಳಗ್ಗೆ 10 ಗಂಟೆ. ಅಂಚೆ ತನಿಖಾಧಿಕಾರಿ ಕಡತ ತಂದಿದ್ದ. ಬೋಮನ್ ವಕೀಲನೊಂದಿಗೆ ಒಂದು ಬದಿ, ಎಲ್ಡಾ ಇನ್ನೊಂದು ಬದಿ. ಕಡತದಲ್ಲಿ ಬೆಂಕಿಯಿಂದ ಉಳಿದ ಟಪಾಲಿನ ಪಟ್ಟಿ ಇತ್ತು. ಯಾವ ಊರಿಗೆ ಯಾವುದನ್ನು ಕಳಿಸಿದರು, ಅಲ್ಲಿ ಯಾರು ಸಹಿ ಹಾಕಿ ತೆಗೆದುಕೊಂಡರು, ಎಲ್ಲ.

“ಲೊವೆಲ್ ಫರ್ನೇಸ್, ಒಂದು ಕಾಗದ,” ಅಧಿಕಾರಿ ಓದಿದ. “ಮಿಸೆಸ್ ಎಲ್ಡಾ ಸ್ಟಾಫರ್. ತಲುಪಿದ್ದು ನವೆಂಬರ್ 15, ಗುರುವಾರ ಬೆಳಗ್ಗೆ. ಪಡೆದವರು, ಇ. ಬೋಮನ್, ಗುಮಾಸ್ತ.”

“ಅದಾದ್ಮೇಲೆ ವಿಳಾಸದಾರರಿಗೆ ಕೊಟ್ರಲ್ಲ!” ಎಂದ ವಕೀಲ.

“ಕೊಟ್ಟಾಗ ವಿಳಾಸದಾರರ ಸಹಿಯನ್ನೂ ಪಡೀಬೇಕಿತ್ತು. ಮಿಕ್ಕ ಊರುಗಳಿಂದೆಲ್ಲ ಬಂದಿದೆ. ಈ ಸಾಲು ಖಾಲಿ.”

ಬೋಮನ್ ತಲೆ ತಗ್ಗಿಸಿದ. “ನಲವತ್ತು ವರ್ಷದ ಹಿಂದಿನದು. ಈಗ ಏನು ಮಾಡಕ್ಕಾಗುತ್ತೆ?”

“ಕದ್ದಿದ್ದು ಹಳೇದು. ಕದ್ದ ಟಪಾಲು ಅಂತ ಗೊತ್ತಿದ್ದೂ ಮೊನ್ನೆ ಶನಿವಾರದವರೆಗೆ ಇಟ್ಕೊಂಡಿದ್ರಲ್ಲ, ಅದು ಹೊಸದು,” ಎಂದ ಅಧಿಕಾರಿ. ಕಾಗದ ಯಾರ ಹೆಸರಿಗಿದೆಯೋ ಅವರದೆಂದು ಬರೆದು ಸಹಿ ಹಾಕಿ, ಲಕೋಟೆಯನ್ನು ಎಲ್ಡಾಳ ಮುಂದೆ ತಳ್ಳಿದ. ಕ್ರೈಡರ್ ಬೋಮನ್‌ನ ಕೈಗೆ ಬೇಡಿ ತೊಡಿಸಿದ. ಸಮಯ 10.35.

ಎಲ್ಡಾ ಲಕೋಟೆಯ ಮಡಿಕೆಯೊಳಗೆ ಬೆರಳು ತೂರಿಸಿದಳು.

“ಬೆರಳಲ್ಲಿ ಬೇಡ!” ಬೋಮನ್ ಕೂಗಿಕೊಂಡ. “ಚಾಕು ತಗೋ ಎಲ್ಡಾ! ಮುದ್ರೆ ಹರಿಯುತ್ತೆ!”

“ಬಾಯಿ ಮುಚ್ರೀ!” ಕ್ರೈಡರ್ ಗದರಿದ ರಭಸಕ್ಕೆ ವಕೀಲನೂ ಬೆಚ್ಚಿದ.

ಅವಳು ಬೆರಳಿನಿಂದಲೇ, ಮುಂಬದಿಯ ಕೆಂಪು ಮುದ್ರೆಯೂ ಸೀಳುವಂತೆ, ಚರಚರನೆ ಹರಿದಳು. ಒಂದೇ ಹಾಳೆ. ಓದಿ, ಮಹಜರಿಗೆ ಸೇರಿಸಬೇಕಾದ್ದರಿಂದ ಕ್ರೈಡರ್‌ಗೆ ಕೊಟ್ಟಳು.

‘ಎಲ್ಡಾ, ಇಲ್ಲಿ ಕೆಲಸ ಸಿಕ್ಕಿದೆ. ಎರಡು ಕೋಣೆಯ ಮನೆ ಹಿಡಿದಿದ್ದೇನೆ. ಸಿಟ್ಟಿನಲ್ಲಿ ಹೊರಟುಬಂದದ್ದು ನನ್ನದೇ ತಪ್ಪು. ಬರುವುದಾದರೆ ಭಾನುವಾರದೊಳಗೆ ತಂತಿ ಕೊಡು, ಸ್ಟೇಷನ್ನಿಗೆ ಬರುತ್ತೇನೆ. ನಿನ್ನಿಂದ ಏನೂ ಬಾರದಿದ್ದರೆ ನಿನ್ನ ಮನಸ್ಸು ತಿಳಿಯಿತು ಅಂದುಕೊಳ್ಳುತ್ತೇನೆ, ಮತ್ತೆ ಕಾಡುವುದಿಲ್ಲ. ಬೇಗ ತಲುಪಲಿ ಅಂತ ವಿಮಾನದಲ್ಲಿ ಕಳಿಸುತ್ತಿದ್ದೇನೆ. ರಸೆಲ್.’

“ಗುರುವಾರ ಬಂದಿತ್ತು,” ಎಂದಳು ಎಲ್ಡಾ. “ಬೆಂಕಿ ದಾಟಿಕೊಂಡು ಗುರುವಾರವೇ ಬಂದಿತ್ತು. ನಾನಿದ್ದ ಮನೆ ಅಂಚೆ ಕಚೇರಿಯಿಂದ ಮೂರನೇದು ಕಣೋ ಎವರೆಟ್!”

ಅವಳು ಮೇಜು ಬಳಸಿ ಅವನತ್ತ ನಡೆದಳು. ಜೂಕ್ ಅಡ್ಡ ನಿಲ್ಲಬೇಕಿತ್ತು. ಅವನು ನಿಂತದ್ದು ಅವಳು ಬೋಮನ್‌ನ ಕೆನ್ನೆಗೆ ಬಾರಿಸಿದ ಮೇಲೆ. ಠಾಣೆಯ ದಿನಚರಿಯಲ್ಲಿ ಅದರ ಉಲ್ಲೇಖವಿಲ್ಲ. ಗಾಜು ಒಡೆದದ್ದಕ್ಕೆ ಮಾತ್ರ ಎಲ್ಡಾಳ ಮೇಲೆ ಪ್ರಕರಣ ದಾಖಲಾಯಿತು. ಚೌಕಟ್ಟುಗಳ ಒಡೆಯರಾದ ಅಗ್ನಿಶಾಮಕ ದಳದವರು ಮರುದಿನವೇ ದೂರಿಲ್ಲವೆಂದು ಬರೆದುಕೊಟ್ಟರು.

ಬೋಮನ್‌ನ ಹೇಳಿಕೆ ಮಧ್ಯಾಹ್ನ 2 ಗಂಟೆಗೆ ಶುರುವಾಯಿತು. ಆ ಮಾರ್ಗದ ಎಲ್ಲ ಲಕೋಟೆಗಳೂ ತನ್ನಲ್ಲಿದ್ದವು, ಅಪಘಾತದ್ದೊಂದು ಇರಲಿಲ್ಲ ಎಂದ. ಗುರುವಾರ ಚೀಲ ಬಿಚ್ಚಿದಾಗ ಅದು ಮೇಲೆಯೇ ಇತ್ತು. ಒಂದು ರಾತ್ರಿ ಮನೆಯಲ್ಲಿಟ್ಟುಕೊಂಡು ನೋಡಿ, ಮರುದಿನ ಕೊಡೋಣವೆಂದುಕೊಂಡಿದ್ದ. ಎಲ್ಡಾಳ ಮೇಲೆ ದ್ವೇಷವೇನೂ ಇರಲಿಲ್ಲ. ಅವಳಾಗಿದ್ದರೆ ಓದಿ ಒಲೆಗೆ ಹಾಕುತ್ತಿದ್ದಳು, ತಾನಾದರೋ ಕಾಪಾಡಿದೆ ಎಂದ.

“ಆ ಚಳಿಗಾಲ ಅವರು ದಿನಾ ಬಂದು ಕೇಳ್ತಿದ್ರು. ಆಗಲಾದ್ರೂ ಕೊಡಬೇಕು ಅನ್ನಿಸಲಿಲ್ವಾ?” ಕ್ರೈಡರ್ ಕೇಳಿದ.

“ಅನ್ನಿಸಿತ್ತು,” ಎಂದ ಬೋಮನ್. “ಆದ್ರೆ ಅಷ್ಟರಲ್ಲಿ ಆಲ್ಬಮ್ಮಿನ ಪುಟ ಬರೆದಾಗಿತ್ತು. ಶಾಯಿಯಲ್ಲಿ.”